ಎರಡು ವರ್ಷದ ಮಗುವನ್ನು ಸ್ಟ್ರೋಲರ್‌ನಲ್ಲಿ ಕೂರಿಸಿಕೊಂಡು ಧರ್ಮಸ್ಥಳಕ್ಕೆ ನಡೆಯಬಹುದಾ?

ಪ್ರಶ್ನೆ: ನಾವು ನೆಲಮಂಗಲದ ಹತ್ತಿರ ಇರುವವರು. ಮಗಳಿಗೆ ಈಗ ಎರಡು ವರ್ಷ ಮೂರು ತಿಂಗಳು, ತೂಕ 11 ಕೆ.ಜಿ. ಅವಳು ಎಂಟನೇ ತಿಂಗಳಿಗೇ ಹುಟ್ಟಿ ಎನ್‌ಐಸಿಯುನಲ್ಲಿ ಇದ್ದಾಗ, ಮಗು ಉಳಿದರೆ ಅವಳನ್ನು ಕರ್ಕೊಂಡು ಧರ್ಮಸ್ಥಳಕ್ಕೆ ನಡೆದು ಬರುತ್ತೇವೆ, ಅಲ್ಲೇ ಮುಡಿ ಕೊಡಿಸುತ್ತೇವೆ ಅಂತ ಹರಕೆ ಹೊತ್ತಿದ್ದೆವು. ಈ ಶಿವರಾತ್ರಿಗೆ ನಮ್ಮ ಬೀದಿಯವರ ತಂಡ ಹೊರಡುತ್ತಿದೆ. ಎಂಟು ದಿನದಲ್ಲಿ ಮುಟ್ಟುವ ಲೆಕ್ಕ. ಸ್ಪೇನ್‌ನಲ್ಲಿ ಅಪ್ಪ-ಅಮ್ಮ ಮಗುವನ್ನು ಸ್ಟ್ರೋಲರ್‌ನಲ್ಲಿ ತಳ್ಳಿಕೊಂಡು ನೂರಾರು ಕಿಲೋಮೀಟರ್ ಯಾತ್ರೆ ಮಾಡುವ ವಿಡಿಯೊ ನೋಡಿದ ಮೇಲೆ ನಮಗೂ ಧೈರ್ಯ ಬಂದಿದೆ. ಅತ್ತೆಯವರು ಬೇಡ ಅನ್ನುತ್ತಾರೆ, ಯಜಮಾನರು ಹೋಗೋಣ ಅನ್ನುತ್ತಾರೆ. ಹೋಗಬಹುದಾ? ಎಂಥ ಸ್ಟ್ರೋಲರ್ ಕೊಳ್ಳಬೇಕು? ಯಾವ ಔಷಧಿ ಇಟ್ಟುಕೊಳ್ಳಬೇಕು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ತಂಡದ ಜೊತೆ, ಎಂಟು ದಿನ, ನೆಲಮಂಗಲದಿಂದ ಧರ್ಮಸ್ಥಳದವರೆಗೂ ಮಗುವನ್ನು ಸ್ಟ್ರೋಲರ್‌ನಲ್ಲಿ ತಳ್ಳಿಕೊಂಡು ಹೋಗುವುದು ಬೇಡ. ಅಷ್ಟರ ಮಟ್ಟಿಗೆ ನಿಮ್ಮ ಅತ್ತೆಯವರು ಹೇಳಿದ್ದು ಸರಿ. ಆದರೆ ಮಗುವನ್ನು ಮನೆಯಲ್ಲೇ ಬಿಟ್ಟು ಹೋಗಿ ಅಂತಲೂ ನಾನು ಹೇಳುವುದಿಲ್ಲ. ದಾರಿಯ ಕೆಲವು ತುಂಡುಗಳನ್ನು ಅವಳ ಜೊತೆ ಚೆನ್ನಾಗಿಯೇ ನಡೆಯಬಹುದು. ಯಾವ ತುಂಡು, ಯಾವ ಹೊತ್ತು, ಎಷ್ಟು ಹೊತ್ತು ಅನ್ನುವುದೇ ಇಲ್ಲಿನ ವಿಚಾರ.

ನಾನು ಮಕ್ಕಳ ವೈದ್ಯ. ಶಿವರಾತ್ರಿ ಹತ್ತಿರ ಬಂದಾಗ ಹಾಸನದ ಕಡೆ ರಸ್ತೆ ಬದಿಯ ಚಿಕಿತ್ಸಾ ಶಿಬಿರಗಳಲ್ಲಿ ಕೂತು ರೂಢಿ ಇದೆ. ಅಲ್ಲಿಗೆ ಬರುವ ದೊಡ್ಡವರ ತೊಂದರೆಗಳು ಗೊತ್ತಿರುವಂಥವೇ: ಬೊಬ್ಬೆ, ಮೀನಖಂಡದ ಸೆಳೆತ, ತೊಡೆ ಸಂದಿಯ ಉರಿ. ಮಕ್ಕಳನ್ನು ಕರೆತರುವವರ ತೊಂದರೆ ಬೇರೆ ಥರ. "ಡಾಕ್ಟ್ರೇ, ಮಗು ಸುಮ್ನೆ ಕೂತೇ ಇತ್ತು, ಒಂದು ಹೆಜ್ಜೆಯೂ ನಡೆದಿಲ್ಲ. ಆದ್ರೂ ಯಾಕೆ ಹೀಗಾಯ್ತು?" ಅಂತ ಕೇಳುತ್ತಾರೆ. ಸುಮ್ಮನೆ ಕೂತಿದ್ದರಿಂದಲೇ ಹಾಗಾಗುತ್ತದೆ ಅನ್ನುವುದು ಅವರಿಗೆ ಹೊಳೆದಿರುವುದಿಲ್ಲ.

ಹೇಗೆ ಅಂತ ನೋಡಿ. ಬೆಳಗಿನ ಜಾವ ನಾಲ್ಕಕ್ಕೆ ತಂಡ ಹೊರಡುತ್ತದೆ. ಚನ್ನರಾಯಪಟ್ಟಣದಿಂದ ಆಚೆಗೆ ಆ ಹೊತ್ತಿನಲ್ಲಿ ಚಳಿ ಚೆನ್ನಾಗಿಯೇ ಇರುತ್ತದೆ. ನಡೆಯುವವರಿಗೆ ಹತ್ತು ನಿಮಿಷದಲ್ಲಿ ಮೈ ಬಿಸಿಯಾಗಿ, ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ಕೂತ ಮಗುವಿಗೆ ಮೈ ಬಿಸಿಯಾಗುವುದಿಲ್ಲ. ಮುಂದಿನಿಂದ ಗಾಳಿ ಹೊಡೆಯುತ್ತಲೇ ಇರುತ್ತದೆ, ಕೈಕಾಲು ತಣ್ಣಗಾಗುತ್ತವೆ. ಅದೇ ಹನ್ನೊಂದು ಗಂಟೆಗೆ ಲೆಕ್ಕ ತಿರುಗುತ್ತದೆ. ನಡೆಯುವವರಿಗೆ ಬೆವರು ಬರುತ್ತದೆ, ಅದಕ್ಕೆ ಗಾಳಿ ಸೋಕಿ ತಂಪಾಗುತ್ತದೆ, ಬಾಯಾರಿದರೆ ಬಾಟಲಿ ಎತ್ತಿ ಕುಡಿಯುತ್ತಾರೆ. ಮಗು ಮಾತ್ರ ದಪ್ಪ ಸೀಟಿಗೆ ಬೆನ್ನು ಅಂಟಿಸಿಕೊಂಡು, ಕಾದ ಡಾಂಬರಿಗೆ ಎರಡೇ ಅಡಿ ಮೇಲೆ ಕೂತಿರುತ್ತದೆ. ನೀರು ಬೇಕು ಅಂತ ಹೇಳುವುದಕ್ಕೂ ಈ ವಯಸ್ಸಿನವರಿಗೆ ಸರಿಯಾಗಿ ಬಾರದು, ಕಿರಿಕಿರಿ ಮಾಡುತ್ತಾರೆ ಅಷ್ಟೆ. ನಾವು ಅದನ್ನು ಹಟ ಅಂದುಕೊಳ್ಳುತ್ತೇವೆ. ನಿಮ್ಮ ಮೈ ಹೇಳುವುದನ್ನು ನಂಬಿ ಮಗುವಿಗೆ ಬಟ್ಟೆ ಹಾಕಬೇಡಿ, ನಿಮ್ಮ ಬಾಯಾರಿಕೆ ನೋಡಿ ಮಗುವಿಗೆ ನೀರು ಕೊಡಬೇಡಿ. ಅವಳ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ತಣ್ಣಗಿದೆಯಾ, ಬೆವತಿದೆಯಾ ಅಂತ ಅಲ್ಲಿ ಗೊತ್ತಾಗುತ್ತದೆ.

ಎಷ್ಟು ಹೊತ್ತು ಕೂರಿಸಬಹುದು ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಹೇಳಿದ್ದು ಸ್ಪಷ್ಟವಾಗಿದೆ. ಸ್ಟ್ರೋಲರ್ ಇರಲಿ, ಎತ್ತರದ ಕುರ್ಚಿ ಇರಲಿ, ಬೆನ್ನಿಗೆ ಕಟ್ಟಿಕೊಂಡಿದ್ದೇ ಇರಲಿ, ಒಂದೇ ಸಲಕ್ಕೆ ಒಂದು ಗಂಟೆಗಿಂತ ಜಾಸ್ತಿ ಕಟ್ಟಿ ಕೂರಿಸಬಾರದು. ಎರಡು ವರ್ಷದ ಆಸುಪಾಸಿನ ಮಗುವಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ ಬೇಕು, ಹಗಲಿನ ನಿದ್ದೆಯೂ ಸೇರಿ ಹನ್ನೊಂದು ಗಂಟೆಯಾದರೂ ನಿದ್ದೆ ಬೇಕು. ಈಗ ನಿಮ್ಮ ತಂಡದ ಲೆಕ್ಕ ಹಾಕಿ. ದಾರಿ ಮುನ್ನೂರು ಕಿಲೋಮೀಟರ್ ಸಮೀಪ. ಎಂಟು ದಿನದಲ್ಲಿ ಮುಟ್ಟಬೇಕಾದರೆ ದಿನಕ್ಕೆ 35ಕ್ಕಿಂತ ಜಾಸ್ತಿ ಆಗಬೇಕು. ಗಂಟೆಗೆ ನಾಲ್ಕೂವರೆ ಕಿ.ಮೀ. ನಡೆದರೂ ಎಂಟು ಗಂಟೆ ಬರೀ ನಡಿಗೆ. ಗಂಟೆಗೊಮ್ಮೆ ಮಗುವನ್ನು ಇಳಿಸಿ, ಅರ್ಧ ಗಂಟೆ ಆಡಲು ಬಿಟ್ಟು, ಮಧ್ಯಾಹ್ನ ನೆಮ್ಮದಿಯಾಗಿ ಮಲಗಿಸಿ, ರಾತ್ರಿ ಎಂಟಕ್ಕೆ ಮತ್ತೆ ಮಲಗಿಸಿದರೆ ತಂಡದ ಜೊತೆ ಇರಲು ಸಾಧ್ಯವೇ ಇಲ್ಲ. ತಂಡದ ವೇಗಕ್ಕೆ ಹೋದರೆ ಈ ಮೂರರಲ್ಲಿ ಒಂದನ್ನು ಬಿಡಬೇಕಾಗುತ್ತದೆ, ಬಿಡುವುದು ಯಾವಾಗಲೂ ಮಗುವಿನದ್ದನ್ನೇ.

ಸ್ಪೇನ್‌ನ ವಿಡಿಯೊ ವಿಚಾರಕ್ಕೆ ಬರೋಣ. ಅದು ಸಾಂಟಿಯಾಗೊ ಊರಿಗೆ ಹೋಗುವ ಕಮೀನೊ ಯಾತ್ರೆ ಇರಬೇಕು. ಫ್ರಾನ್ಸ್ ಗಡಿಯಿಂದ ಹೊರಟರೆ ಸುಮಾರು 780 ಕಿ.ಮೀ. ಆದರೆ ಯಾತ್ರೆ ಮಾಡಿದ ಪ್ರಮಾಣಪತ್ರಕ್ಕೆ ಕೊನೆಯ 100 ಕಿ.ಮೀ. ನಡೆದರೆ ಸಾಕು. ಹಾಗಾಗಿ ತುಂಬಾ ಜನ ಸಾರಿಯಾ ಅನ್ನುವ ಊರಿಂದ ಹೊರಡುತ್ತಾರೆ. ಅಲ್ಲಿನ ದಾರಿಯ ಬಹುಪಾಲು ಹೊಲದ ನಡುವಿನ ಮಣ್ಣು ದಾರಿ, ಹಳ್ಳಿಯ ಓಣಿ. ಕೊನೆಯ ನೂರು ಕಿಲೋಮೀಟರಿನಲ್ಲಿ ಸ್ವಲ್ಪ ಸ್ವಲ್ಪ ದೂರಕ್ಕೇ ಊರು ಬರುತ್ತದೆ, ತಂಗುವ ಮನೆ ಇರುತ್ತದೆ, ಲಗೇಜನ್ನು ಮುಂದಿನ ಊರಿಗೆ ವ್ಯಾನಿನಲ್ಲಿ ಕಳಿಸುವವರೂ ಇದ್ದಾರೆ. ಒಂದು ದಿನ 12 ಕಿ.ಮೀ. ನಡೆದು ನಿಂತುಬಿಟ್ಟರೂ ಕೇಳುವವರಿಲ್ಲ. ಇಷ್ಟೆಲ್ಲ ಇದ್ದರೂ ಪಿರನೀಸ್ ಬೆಟ್ಟದ ಕಡೆ, ಕಲ್ಲಿನ ಇಳಿಜಾರುಗಳಲ್ಲಿ ಸ್ಟ್ರೋಲರ್‌ನವರು ಬೇರೆ ದಾರಿ ಹಿಡಿಯುತ್ತಾರೆ, ಇಲ್ಲವೇ ಇಬ್ಬರು ಸೇರಿ ಹೊತ್ತು ದಾಟಿಸುತ್ತಾರೆ. ಅಷ್ಟು ದೂರ ಯಾಕೆ, ನಮ್ಮ ಪಕ್ಕದ ಪಂಢರಪುರದ ವಾರಿಯನ್ನೇ ನೋಡಿ. ಆಳಂದಿಯಿಂದ ಪಂಢರಪುರಕ್ಕೆ ಸುಮಾರು 250 ಕಿ.ಮೀ., ಅದನ್ನು ಮೂರು ವಾರದ ಹತ್ತಿರ ನಡೆಯುತ್ತಾರೆ. ಧರ್ಮಸ್ಥಳದ ಪಾದಯಾತ್ರೆಯಲ್ಲಿ ಇಷ್ಟು ಅವಸರ ಬಂದದ್ದು ಭಕ್ತಿಯಿಂದ ಅಲ್ಲ, ಆಫೀಸಿನ ರಜೆಯಿಂದ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇರಬಹುದು.

ನಮ್ಮ ದಾರಿಯ ಕಷ್ಟ ರಸ್ತೆಯಲ್ಲಿದೆ. ನೆಲಮಂಗಲದಿಂದ ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ. ಇಷ್ಟೂ ದೂರ ನೀವು ರಾಷ್ಟ್ರೀಯ ಹೆದ್ದಾರಿ 75ರ ಅಂಚಿನಲ್ಲೇ. ಅಲ್ಲಿಂದ ಕೆಲವರು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ ಹಿಡಿದು ಉಜಿರೆಗೆ ಇಳಿಯುತ್ತಾರೆ. ಇನ್ನು ಕೆಲವರು ಸಕಲೇಶಪುರ, ಶಿರಾಡಿ ಘಾಟಿ, ಗುಂಡ್ಯದ ಕಡೆಯಿಂದ ಬರುತ್ತಾರೆ. ಶಿರಾಡಿಯಲ್ಲಿ ಮಂಗಳೂರು ಬಂದರಿನ ಲಾರಿ, ಟ್ಯಾಂಕರ್‌ಗಳ ಸಾಲು. ಅಲ್ಲಿ ಸ್ಟ್ರೋಲರ್ ಅನ್ನುವ ಮಾತೇ ಬೇಡ.

ಹೆದ್ದಾರಿಯಲ್ಲಿ ಸ್ಟ್ರೋಲರ್‌ಗೆ ನಿಜವಾದ ಅಪಾಯ ಎಲ್ಲಿರುತ್ತದೆ ಅಂದರೆ, ಬಿಳಿ ಗೆರೆಯ ಆಚೆ. ಡಾಂಬರು ಮುಗಿದು ಮಣ್ಣು ಶುರುವಾಗುವ ಕಡೆ ಎಷ್ಟೋ ಜಾಗದಲ್ಲಿ ಎರಡು-ಮೂರು ಇಂಚು ತಗ್ಗು ಇರುತ್ತದೆ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತದೆ, ನೀವು ಗಾಬರಿಯಿಂದ ಎಡಕ್ಕೆ ತಿರುಗಿಸುತ್ತೀರಿ, ಮುಂದಿನ ಪುಟ್ಟ ಚಕ್ರ ಆ ತಗ್ಗಿಗೆ ಇಳಿದು ಅಡ್ಡ ತಿರುಗಿ ನಿಂತುಬಿಡುತ್ತದೆ. ನಿಮ್ಮ ಮೈ ಇನ್ನೂ ಮುಂದಕ್ಕೆ ನಡೆಯುತ್ತಿರುತ್ತದೆ. ಹಿಡಿಯ ಮೇಲೆ ನಿಮ್ಮ ಭಾರ ಬಿದ್ದು ಗಾಡಿ ಓರೆಯಾಗುತ್ತದೆ. ಹಿಡಿಗೆ ಎರಡು ಬ್ಯಾಗು ನೇತುಹಾಕಿದ್ದರಂತೂ ಮಗುವಿನ ಸಮೇತ ಮಗುಚುವುದಕ್ಕೆ ಅಷ್ಟೇ ಸಾಕು. ಬೆಲ್ಟ್ ಹಾಕಿರದ ಮಗು ಬೀಳುವುದು ಹೊಲದ ಕಡೆಗೋ ರಸ್ತೆಯ ಕಡೆಗೋ ಅನ್ನುವುದು ಆ ಕ್ಷಣದ ಅದೃಷ್ಟ.

ಕತ್ತಲಿನ ವಿಚಾರ ಇನ್ನೂ ಗಟ್ಟಿ. ಪಾದಯಾತ್ರೆಯ ಅರ್ಧ ನಡಿಗೆ ನಡೆಯುವುದೇ ರಾತ್ರಿ ಮತ್ತು ಬೆಳಗಿನ ಜಾವ. ಡ್ರೈವರ್ ಕಣ್ಣು ಮನುಷ್ಯರ ಎತ್ತರದ ಆಕಾರವನ್ನು ಹುಡುಕುತ್ತದೆ. ನಿಮ್ಮ ಮುಂದೆ ಮೂರು ಅಡಿ ಚಾಚಿಕೊಂಡಿರುವ ತಗ್ಗು ಗಾಡಿ ಅವನ ಲೆಕ್ಕದಲ್ಲಿ ಇರುವುದಿಲ್ಲ. ಪ್ರತಿಫಲಿಸುವ ಜಾಕೆಟ್ಟು, ಮಿಣುಕುವ ದೀಪ ಎಲ್ಲ ಹಾಕಿದರೂ ಸೂರ್ಯ ಹುಟ್ಟುವ ಮುಂಚೆ, ಮುಳುಗಿದ ಮೇಲೆ ಸ್ಟ್ರೋಲರ್ ರಸ್ತೆಯ ಮೇಲೆ ಇರಬಾರದು. ಇದರಲ್ಲಿ ರಿಯಾಯಿತಿ ಇಲ್ಲ. ಹಗಲಿನಲ್ಲೂ ರಸ್ತೆಯ ಬಲಬದಿ ಹಿಡಿಯಿರಿ, ಎದುರಿನಿಂದ ಬರುವ ಗಾಡಿ ನಿಮಗೆ ಕಾಣಬೇಕು. ನಾಲ್ಕು ಪಥದ ರಸ್ತೆಯಾದರೆ ಸರ್ವಿಸ್ ರಸ್ತೆ ಇರುವ ಕಡೆ ಮಾತ್ರ ನಡೆಯಿರಿ.

ಹೊಗೆ, ದೂಳು ಇನ್ನೊಂದು. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದವರು 2018ರಲ್ಲಿ ಹೇಳಿದ ಪ್ರಕಾರ ತಳ್ಳುಗಾಡಿಯಲ್ಲಿ ಕೂತ ಮಗು ದೊಡ್ಡವರಿಗಿಂತ ಶೇ. 60ರವರೆಗೂ ಹೆಚ್ಚು ಹೊಗೆಗೆ ಸಿಕ್ಕಬಹುದು. ಕಾರಣ ಸರಳ. ಅದು ಉಸಿರಾಡುವ ಎತ್ತರವೂ ವಾಹನದ ಹೊಗೆ ಕೊಳವೆಯ ಎತ್ತರವೂ ಹತ್ತಿರ ಹತ್ತಿರ ಒಂದೇ. ನಿಮ್ಮ ಮಗಳು ತಿಂಗಳು ತುಂಬುವ ಮುಂಚೆ ಹುಟ್ಟಿದವಳು. ಅಂಥ ಮಕ್ಕಳಲ್ಲಿ ಶೀತ ಆದಾಗಲೆಲ್ಲ ಉಬ್ಬಸ ಬರುವುದು ಸ್ವಲ್ಪ ಜಾಸ್ತಿ. ಅವಳಿಗೆ ಹಿಂದೆ ಎಂದಾದರೂ ನೆಬ್ಯುಲೈಸರ್ ಕೊಡಿಸಿದ್ದರೆ, ಹೆದ್ದಾರಿ ನಡಿಗೆಯನ್ನು ಪೂರ್ತಿ ಬಿಟ್ಟುಬಿಡಿ.

ಇನ್ನು ಬಿಸಿಲು. ಬಿಸಿಲು ಬೀಳದಿರಲಿ ಅಂತ ಸ್ಟ್ರೋಲರ್ ಮೇಲೆ ಸೀರೆ ಸೆರಗೋ ಟವೆಲ್ಲೋ ಪೂರ್ತಿ ಹೊದಿಸಿಬಿಡುತ್ತಾರೆ. ಒಳಗೆ ನೆರಳೇನೋ ಆಗುತ್ತದೆ, ಗಾಳಿ ನಿಂತುಹೋಗುತ್ತದೆ. ಸಿಡ್ನಿ ವಿಶ್ವವಿದ್ಯಾಲಯದವರು ಇದನ್ನೇ ಅಳೆದು 2023ರಲ್ಲಿ ಪ್ರಕಟಿಸಿದರು. ತೆಳ್ಳನೆಯ ಒಣ ಮಸ್ಲಿನ್ ಬಟ್ಟೆ ಹೊದಿಸಿದರೂ ಒಳಗಿನ ಬಿಸಿ ಹೊರಗಿಗಿಂತ ಸುಮಾರು 2.5 ಡಿಗ್ರಿ ಏರಿತು. ಅದೇ ಬಟ್ಟೆಯನ್ನು ಒದ್ದೆ ಮಾಡಿ, ಒಂದು ಪುಟ್ಟ ಬ್ಯಾಟರಿ ಫ್ಯಾನ್ ಇಟ್ಟಾಗ 4ರಿಂದ 5 ಡಿಗ್ರಿ ಇಳಿಯಿತು. ಹಾಸನದ ಕಡೆಯ ಒಣ ಹವೆಯಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಬಟ್ಟೆ ಒಣಗುತ್ತಿದ್ದಂತೆ ಮತ್ತೆ ನೀರು ಚಿಮುಕಿಸಬೇಕು. ಘಾಟಿ ಇಳಿದ ಮೇಲೆ ಉಜಿರೆಯ ಕಡೆ ಗಾಳಿಯಲ್ಲೇ ತೇವ ಇರುತ್ತದೆ, ಅಲ್ಲಿ ಒದ್ದೆ ಬಟ್ಟೆ ಬೇಗ ಆರುವುದಿಲ್ಲ, ತಂಪೂ ಅಷ್ಟು ಆಗುವುದಿಲ್ಲ. ಎಲ್ಲಿಯೇ ಆದರೂ ಮುಂಭಾಗ ಪೂರ್ತಿ ಮುಚ್ಚಬೇಡಿ. ಮಗುವಿನ ಮುಖ ನಿಮಗೆ ಕಾಣುತ್ತಲೇ ಇರಬೇಕು. ಹತ್ತು ಗಂಟೆ ಆದ ಮೇಲೆ, ಸಂಜೆ ನಾಲ್ಕರ ಒಳಗೆ ಎಷ್ಟೇ ಉಪಾಯ ಇದ್ದರೂ ನಡಿಗೆ ಬೇಡ.

ಹಾಗಾದರೆ ಹೋಗುವುದು ಹೇಗೆ? ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ನಿಮ್ಮಿಬ್ಬರಲ್ಲಿ ಒಬ್ಬರು ತಂಡದ ಜೊತೆ ಪೂರ್ತಿ ನಡೆಯಿರಿ. ಇನ್ನೊಬ್ಬರು ಮಗುವನ್ನು ಕರ್ಕೊಂಡು ಕಾರಿನಲ್ಲಿ ಕೊನೆಯ ಮೂರು-ನಾಲ್ಕು ದಿನಕ್ಕೆ ಬಂದು ಸೇರಿ. ಬರುವ ಮನಸ್ಸಿದ್ದರೆ ಅತ್ತೆಯವರನ್ನೂ ಕರೆತನ್ನಿ. ಮಗು ರಾತ್ರಿ ಮಲಗುವುದು ಶಾಲೆಯ ಜಗಲಿಯಲ್ಲಿ, ಶಾಮಿಯಾನದ ಕೆಳಗೆ ಬೇಡ, ಬೇಲೂರಿನಲ್ಲೋ ಮೂಡಿಗೆರೆಯಲ್ಲೋ ಒಂದು ರೂಮು ಮಾಡಿ. ಬೆಳಿಗ್ಗೆ ಆರೂವರೆಯಿಂದ ಎಂಟೂವರೆ ತನಕ ಅವಳ ಜೊತೆ ನಡೆಯಿರಿ, ನಡುವೆ ಒಂದು ಸಲ ಇಳಿಸಿ ಓಡಾಡಿಸಿ. ಐದಾರು ಕಿಲೋಮೀಟರ್ ಆಗುತ್ತದೆ. ಅಷ್ಟು ಸಾಕು. ಬೇಲೂರಿನ ಆಚೆ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಕಾಫಿ ತೋಟದ ನಡುವೆ ನೆರಳಿರುವ ಹಳ್ಳಿ ರಸ್ತೆಗಳಿವೆ. ಹೋಗುವ ಮುಂಚೆ ಮಾತ್ರ ಆ ಊರಿನವರನ್ನು "ಆನೆ ಬಂದಿದೆಯಾ?" ಅಂತ ಕೇಳಿಯೇ ಹೋಗಿ. ಬೇಲೂರು, ಸಕಲೇಶಪುರ, ಮೂಡಿಗೆರೆ ತಾಲ್ಲೂಕುಗಳಲ್ಲಿ ಇದು ತಮಾಷೆಯ ಪ್ರಶ್ನೆ ಅಲ್ಲ. ತೋಟದವರೇ ಬೆಳಗಾದ ತಕ್ಷಣ ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಮಾತು ಅದು.

ಚಾರ್ಮಾಡಿ ಘಾಟಿಯನ್ನು ಮಗು ಕಾರಿನಲ್ಲಿ ಇಳಿಯಲಿ. ಕಡಿದಾದ ತಿರುವು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಬೆಳಗಿನ ಹೊತ್ತು ಮಂಜು ಕವಿದರೆ ಹತ್ತು ಮಾರು ದೂರ ಕಾಣುವುದಿಲ್ಲ. ಇಳಿಜಾರಿನಲ್ಲಿ 11 ಕೆ.ಜಿ. ಮಗು, 10-12 ಕೆ.ಜಿ. ಗಾಡಿ ನಿಮ್ಮ ಕೈಯನ್ನು ಗಂಟೆಗಟ್ಟಲೆ ಜಗ್ಗುತ್ತಿರುತ್ತದೆ. ಕೊಟ್ಟಿಗೆಹಾರದಲ್ಲಿ ಎಲ್ಲರೂ ಒಟ್ಟಿಗೆ ಕೂತು ನೀರುದೋಸೆ ತಿನ್ನಿ. ಆಮೇಲೆ ನಡೆಯುವವರು ನಡೆಯಲಿ, ಮಗು ಕಾರು ಹತ್ತಲಿ. ಘಾಟಿಯ ಅಣ್ಣಪ್ಪ ಸ್ವಾಮಿ ಗುಡಿಯ ಹತ್ತಿರ ಬೇಕಾದರೆ ಇಳಿಸಿ ಕೈ ಮುಗಿಸಿ.

ಕೊನೆಯ ತುಂಡು ಉಜಿರೆಯಿಂದ ಧರ್ಮಸ್ಥಳ, ಸುಮಾರು 9 ಕಿ.ಮೀ. ಮಗಳ ಹರಕೆಯ ನಡಿಗೆ ಅಂತ ಒಂದನ್ನು ಇಡುವುದಾದರೆ ಇದನ್ನೇ ಇಡಿ. ಬೆಳಿಗ್ಗೆ ಬೆಳಕು ಹರಿದ ಮೇಲೆ ಹೊರಟು, ಎರಡು ಕಡೆ ನಿಂತು, ನೇತ್ರಾವತಿ ತಲುಪುವ ಹೊತ್ತಿಗೆ ಬಿಸಿಲು ಪೂರ್ತಿ ಏರಿರುವುದಿಲ್ಲ. ಆದರೆ ಶಿವರಾತ್ರಿಯ ದಿನ ಮತ್ತು ಅದರ ಹಿಂದಿನ ದಿನ ಬೇಡ. ಆ ಎರಡು ದಿನ ಈ ರಸ್ತೆಯಲ್ಲಿ ಜನ, ಬಸ್ಸು, ಕಾರು ಎಲ್ಲ ಒಟ್ಟಿಗೆ ನುಗ್ಗಿರುತ್ತವೆ, ಸ್ಟ್ರೋಲರ್‌ನ ಎತ್ತರದಲ್ಲಿ ಮಗುವಿಗೆ ಕಾಣುವುದು ಬರೀ ಕಾಲುಗಳು. ಒಂದು ವಾರ ಬಿಟ್ಟು ಹೋಗಿ, ಇಲ್ಲವೇ ಡಿಸೆಂಬರ್, ಜನವರಿಯಲ್ಲಿ ಹೋಗಿ. ಇದೇ ಉಜಿರೆಯ ಜನಾರ್ದನ ಸ್ವಾಮಿ ದೇವಸ್ಥಾನದಿಂದ ಧರ್ಮಸ್ಥಳಕ್ಕೆ ಕಾರ್ತಿಕ ಮಾಸದ ಲಕ್ಷದೀಪೋತ್ಸವದ ಶುರುವಿನಲ್ಲಿ ಸಾವಿರಾರು ಜನ ಸೇರಿ ಪಾದಯಾತ್ರೆ ಮಾಡುತ್ತಾರೆ. ಇಷ್ಟು ದೂರದ ನಡಿಗೆಯನ್ನೂ ಪಾದಯಾತ್ರೆ ಅಂತಲೇ ಕರೆಯುತ್ತಾರೆ ಅನ್ನುವುದನ್ನು ನಿಮ್ಮ ಯಜಮಾನರಿಗೆ ಹೇಳಿ.

ಹರಕೆ ಅರ್ಧಕ್ಕೇ ಆಯ್ತು ಅಂತ ನಿಮಗೆ ಅಳುಕಿರಬಹುದು. "ದುಡ್ಡು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ" ಅಂತ ಕೇಳಿಕೊಂಡೇ ಬೆಳೆದವರು ನಾವು. ನಾನು ವೈದ್ಯ, ಶಾಸ್ತ್ರ ಹೇಳುವವನಲ್ಲ. ಆ ಅನುಮಾನ ಇದ್ದರೆ ನಿಮ್ಮ ಮನೆಯ ಪುರೋಹಿತರನ್ನೋ ಕ್ಷೇತ್ರದಲ್ಲಿಯೋ ಕೇಳಿ. ನನಗೆ ತಿಳಿದ ಮಟ್ಟಿಗೆ ಮಾತು ಕೊಟ್ಟವರು ನೀವು. ನಡೆಯುವ ಭಾರ ನಿಮ್ಮ ಕಾಲಿನದು. ಮಗು ಬದುಕಲಿ ಅಂತ ಹೊತ್ತ ಹರಕೆಗೆ ಮಗುವನ್ನೇ ಲಾರಿಯ ಪಕ್ಕ ತಳ್ಳಿಕೊಂಡು ಹೋಗಬೇಕಾ, ಯೋಚಿಸಿ.

ಸ್ಟ್ರೋಲರ್ ಯಾವುದು ಅಂತ ಕೇಳಿದ್ದೀರಿ. ಮಾಲ್‌ನಲ್ಲಿ ಛತ್ರಿಯಂತೆ ಮಡಚುವ, ಪುಟ್ಟ ಪ್ಲಾಸ್ಟಿಕ್ ಚಕ್ರದ ಹಗುರ ಗಾಡಿ ಈ ಕೆಲಸಕ್ಕೆ ಬಾರದು. ಮೂರು ದೊಡ್ಡ ಗಾಳಿ ತುಂಬುವ ಚಕ್ರ, ಸ್ಪ್ರಿಂಗ್ ಇರುವ ಜಾಗಿಂಗ್ ಸ್ಟ್ರೋಲರ್ ಬೇಕು. ಮುಂದಿನ ಚಕ್ರ ತಿರುಗದಂತೆ ಲಾಕ್ ಮಾಡಲು ಬರಬೇಕು. ಮೇಲೆ ಹೇಳಿದ ಡಾಂಬರು ಅಂಚಿನ ಅಪಾಯ ಇದರಿಂದ ಎಷ್ಟೋ ಕಡಿಮೆ ಆಗುತ್ತದೆ. ಹೆಗಲು, ಸೊಂಟ, ಕಾಲ ಸಂದಿ ಸೇರಿ ಐದು ಕಡೆ ಹಿಡಿಯುವ ಬೆಲ್ಟ್, ಕೈಯಲ್ಲೇ ಒತ್ತುವ ಬ್ರೇಕ್, ಹಿಡಿಯಿಂದ ನಿಮ್ಮ ಮಣಿಕಟ್ಟಿಗೆ ಹಾಕಿಕೊಳ್ಳುವ ಪಟ್ಟಿ, ಇಷ್ಟು ಇರಲಿ. ಬ್ಯಾಗು ಇಡುವುದಾದರೆ ಸೀಟಿನ ಕೆಳಗಿನ ಬುಟ್ಟಿಯಲ್ಲಿ ಇಡಿ, ಹಿಡಿಗೆ ಏನನ್ನೂ ನೇತುಹಾಕಬೇಡಿ. ಹೊಸದು ದುಬಾರಿ. ಮಗು ಬೆಳೆದ ಮೇಲೆ ಮಾರುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಹಳೆಯದನ್ನೇ ಕೊಂಡುಕೊಳ್ಳಿ. ಬ್ರೇಕ್ ಹಾಕಿ ಇಳಿಜಾರಿನಲ್ಲಿ ನಿಲ್ಲಿಸಿ ನೋಡಿ, ಬೆಲ್ಟಿನ ಬಕಲ್ ಹತ್ತು ಸಲ ಹಾಕಿ ತೆಗೆಯಿರಿ. ಟ್ಯೂಬು ಪಂಕ್ಚರ್ ಆದರೆ ದಾರಿಯ ಸೈಕಲ್ ಶಾಪಿನವರು ಹಾಕಿಕೊಡುತ್ತಾರೆ, ಆದರೆ ಆ ಅಳತೆಯ ಟ್ಯೂಬು ಅವರ ಹತ್ತಿರ ಇರಲಿಕ್ಕಿಲ್ಲ. ಒಂದು ಜೊತೆಯಲ್ಲಿಟ್ಟುಕೊಳ್ಳಿ. ಹೊರಡುವ ಒಂದು ತಿಂಗಳ ಮುಂಚಿನಿಂದ ಮನೆ ಹತ್ತಿರ ದಿನಾ ಅರ್ಧ ಗಂಟೆ, ಮುಕ್ಕಾಲು ಗಂಟೆ ತಳ್ಳಿಕೊಂಡು ಓಡಾಡಿ. ಅದರಲ್ಲಿ ಕೂರಲು ಅವಳಿಗೆ ಇಷ್ಟವೇ ಇಲ್ಲ ಅನ್ನುವುದು ಅಲ್ಲೇ ಗೊತ್ತಾದರೆ ಒಳ್ಳೆಯದು, ಬೇಲೂರಿಗೆ ಹೋದ ಮೇಲೆ ಗೊತ್ತಾದರೆ ಕಷ್ಟ. ಬೆನ್ನಿಗೆ ಹಾಕಿಕೊಳ್ಳುವ ಕ್ಯಾರಿಯರ್ ಒಂದಿದ್ದರೆ ಜನಜಂಗುಳಿಯಲ್ಲಿ, ಮೆಟ್ಟಿಲುಗಳಲ್ಲಿ ಉಪಯೋಗಕ್ಕೆ ಬರುತ್ತದೆ. ಅದಕ್ಕೂ ಒಂದು ಗಂಟೆಯ ನಿಯಮವೇ.

ದಾರಿಯುದ್ದಕ್ಕೂ ಜನ ಕರೆದು ಕರೆದು ಕೊಡುತ್ತಾರೆ. ಮಜ್ಜಿಗೆ, ಪಾನಕ, ಕಲ್ಲಂಗಡಿ, ಚಿತ್ರಾನ್ನ, ಬಾಳೆಹಣ್ಣು. ಧರ್ಮಸ್ಥಳದ ಪಾದಯಾತ್ರೆಯ ಸೊಗಸೇ ಅದು, ಬೇಡ ಅಂದರೆ ಅವರಿಗೂ ಬೇಜಾರು. ನೀವು ಧಾರಾಳವಾಗಿ ತಗೊಳ್ಳಿ. ಮಗುವಿಗೆ ಮಾತ್ರ ಸಿಪ್ಪೆ ನೀವೇ ಸುಲಿಯುವ ಹಣ್ಣು, ಎದುರಿಗೇ ಬಿಸಿಯಾಗಿ ಬಡಿಸಿದ ಅನ್ನ. ಮಜ್ಜಿಗೆ, ಪಾನಕದಲ್ಲಿ ಸಂಶಯ ಇರುವುದು ನೀರು ಮತ್ತು ಐಸ್ ಮೇಲೆ. ಕತ್ತರಿಸಿಟ್ಟ ಕಲ್ಲಂಗಡಿ ಮೇಲೆ ನೊಣ, ದೂಳು. ಕುಡಿಯುವ ನೀರು ಕುದಿಸಿ ಆರಿಸಿದ್ದು ಅಥವಾ ಸೀಲ್ ಇರುವ ಬಾಟಲಿಯದ್ದು. ಇದಕ್ಕಿಂತ ನನಗೆ ಭಯ ಇನ್ನೊಂದರದ್ದು. ನಡೆಯುವವರ ಜೇಬಿನಲ್ಲಿ ಯಾವಾಗಲೂ ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ ಚೂರು ಇರುತ್ತದೆ. ಪ್ರೀತಿಯಿಂದ ಮಗುವಿನ ಕೈಗೂ ನಾಲ್ಕು ಕಾಳು ಹಾಕುತ್ತಾರೆ. ಹಿಂದಕ್ಕೆ ಒರಗಿ ಕೂತು, ಗಾಡಿ ಕುಲುಕುತ್ತಿರುವಾಗ ಎರಡು ವರ್ಷದ ಮಗು ಅದನ್ನು ತಿಂದರೆ ಶ್ವಾಸನಾಳಕ್ಕೆ ಇಳಿಯುವುದು ಸುಲಭ, ಹಿಂದೆ ನಡೆಯುವ ನಿಮಗೆ ಅದು ಕಾಣುವುದೂ ಇಲ್ಲ. ಚಲಿಸುವ ಸ್ಟ್ರೋಲರ್‌ನಲ್ಲಿ ತಿನ್ನಲು ಏನನ್ನೂ ಕೊಡಬೇಡಿ. ಕಾಳುಗಳನ್ನಂತೂ ನಿಂತಾಗಲೂ ಬೇಡ, ಐದು ವರ್ಷ ಆಗುವ ತನಕ.

ಔಷಧಿ ಚೀಲ ಸಣ್ಣದಾಗಿರಲಿ. ಓಆರ್‌ಎಸ್ ಪೊಟ್ಟಣ ಮುಖ್ಯ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ, 200 ಎಂ.ಎಲ್. ಅಂತ ಬರೆದಿರುವ ಪುಟ್ಟ ಪೊಟ್ಟಣವನ್ನು ಅಷ್ಟೇ ನೀರಿಗೆ. ದೊಡ್ಡ ಪೊಟ್ಟಣದಲ್ಲಿ ಅಂದಾಜಿಗೆ ಒಂದು ಚಮಚ ತೆಗೆದು ಲೋಟಕ್ಕೆ ಹಾಕುವವರೇ ಜಾಸ್ತಿ, ಅದು ತಪ್ಪು. ಕಲಸಿದ್ದನ್ನು 24 ಗಂಟೆಯ ಒಳಗೆ ಮುಗಿಸಿ, ಉಳಿದರೆ ಚೆಲ್ಲಿ. ಅವಳ ವಯಸ್ಸಿಗೆ ಪ್ರತಿ ಸಲ ಭೇದಿ ಆದ ಮೇಲೆ 100ರಿಂದ 200 ಎಂ.ಎಲ್., ಚಮಚದಲ್ಲಿ ನಿಧಾನವಾಗಿ. ಅಂಗಡಿಯಲ್ಲಿ ಸಿಗುವ ಸಿಹಿ ಪಾನೀಯದ ಡಬ್ಬಿಗಳು ಓಆರ್‌ಎಸ್ ಅಲ್ಲ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಆದರೆ 5 ಎಂ.ಎಲ್.ಗೆ 120 ಅಥವಾ 125 ಮಿ.ಗ್ರಾಂ. ಇರುವ ಸಿರಪ್ಪೂ ಇದೆ, 250 ಇರುವುದೂ ಇದೆ. ಮನೆಯಲ್ಲಿ ಒಂದು ರೂಢಿ ಇದ್ದು, ದಾರಿಯ ಅಂಗಡಿಯಲ್ಲಿ ಇನ್ನೊಂದು ಸಿಕ್ಕಿದರೆ ಅದೇ ಅಳತೆಗೆ ಎರಡು ಪಟ್ಟು ಔಷಧಿ ಹೋಗುತ್ತದೆ. ಮನೆಯದ್ದನ್ನೇ ಒಯ್ಯಿರಿ. ಎಷ್ಟು ಎಂ.ಎಲ್. ಅಂತ ನಿಮ್ಮ ವೈದ್ಯರ ಕೈಯಲ್ಲಿ ಬಾಟಲಿಯ ಮೇಲೇ ಬರೆಸಿ. ಅವಳಿಗೆ ಉಬ್ಬಸದ ಇನ್‌ಹೇಲರ್ ಬರೆದುಕೊಟ್ಟಿದ್ದರೆ ಅದು, ಅದರ ಸ್ಪೇಸರ್ ಎರಡೂ ಕಾರಿನ ಡಿಕ್ಕಿಯಲ್ಲಿ ಅಲ್ಲ, ಕೈಚೀಲದಲ್ಲಿ. ತಾಯಿ ಕಾರ್ಡ್ ತೆಗೆದು ನೋಡಿ. 16ರಿಂದ 24 ತಿಂಗಳ ನಡುವೆ ಕೊಡುವ ದಡಾರ-ರುಬೆಲ್ಲಾ ಎರಡನೇ ಡೋಸ್ ಬಿಟ್ಟುಹೋಗಿದ್ದರೆ ಈಗಲೇ ಹಾಕಿಸಿ, ಅಷ್ಟು ಜನರ ನಡುವೆ ಹೋಗುವ ಮುಂಚೆ.

ಮಲೆನಾಡಿನಲ್ಲಿ ಇನ್ನೊಂದು ಎಚ್ಚರ ಉಣ್ಣಿಯದ್ದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಇದರಿಂದಲೇ, ಕಾಲವೂ ಡಿಸೆಂಬರ್‌ನಿಂದ ಮೇ ತನಕ. ಹೆದರುವ ಅಗತ್ಯ ಇಲ್ಲ. ಕಾಡಿನ ಅಂಚಿನಲ್ಲಿ ದರಗಿನ ಮೇಲೆ ಮಗುವನ್ನು ಆಡಲು ಬಿಡಬೇಡಿ, ಇಳಿಸುವುದಾದರೆ ಊರೊಳಗಿನ ಅಂಗಳದಲ್ಲೋ ಶಾಲೆ ಮೈದಾನದಲ್ಲೋ ಇಳಿಸಿ. ಸಂಜೆ ಬಟ್ಟೆ ಬಿಚ್ಚಿ ಕಿವಿ ಹಿಂದೆ, ಕಂಕುಳು, ತೊಡೆ ಸಂದಿ ನೋಡಿ.

ಮಗು ಮೂರು-ನಾಲ್ಕು ಗಂಟೆಯಾದರೂ ಮೂತ್ರ ಮಾಡಿಲ್ಲ, ಡೈಪರ್ ಒಣಗಿಯೇ ಇದೆ, ಅಥವಾ ತುಂಬಾ ಮಂಪರಾಗಿದೆ, ಅತ್ತರೂ ಕಣ್ಣೀರಿಲ್ಲ, ಕುಡಿದದ್ದೆಲ್ಲ ವಾಂತಿ ಆಗುತ್ತಿದೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುತ್ತಿದೆ ಅಂದರೆ ನಡಿಗೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. 108 ಆಂಬುಲೆನ್ಸ್ ಈ ದಾರಿಯ ಎಲ್ಲ ತಾಲ್ಲೂಕುಗಳಲ್ಲೂ ಇದೆ. ಘಾಟಿಯೊಳಗೆ ಫೋನ್ ಸಿಗ್ನಲ್ ಅಲ್ಲಲ್ಲಿ ಕೈಕೊಡುತ್ತದೆ, ಆದ್ದರಿಂದ ಅನುಮಾನ ಬಂದರೆ ಕೊಟ್ಟಿಗೆಹಾರದಲ್ಲೇ ತೀರ್ಮಾನ ಮಾಡಿ. ಜನರ ನಡುವೆ ತಪ್ಪಿಸಿಕೊಂಡರೆ ಅಂತ ಅವಳ ಮುಂಗೈ ಮೇಲೆ ಪೆನ್ನಿನಲ್ಲಿ ನಿಮ್ಮಿಬ್ಬರ ಫೋನ್ ನಂಬರ್ ಬರೆದುಬಿಡಿ, ಹೆಸರು ಬೇಡ.

ಮುಡಿಯ ಬಗ್ಗೆ ಒಂದೆರಡು ಮಾತು. ತಲುಪಿದ ದಿನವೇ ಮುಡಿ ಕೊಡಿಸಬೇಡಿ. ದಣಿದ ಮಗು ತಲೆ ಅಲ್ಲಾಡಿಸಿ ಅಳುತ್ತದೆ, ಬ್ಲೇಡು ತಾಗುತ್ತದೆ. ರಾತ್ರಿ ಚೆನ್ನಾಗಿ ಮಲಗಿ ಎದ್ದು, ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ಮಾಡಿಸಿ. ಹೊಸ ಬ್ಲೇಡನ್ನು ನಿಮ್ಮ ಎದುರೇ ಹಾಕಿಸಿ. ನೇತ್ರಾವತಿಯಲ್ಲಿ ಅವಳನ್ನು ಮುಳುಗಿಸುವುದು ಬೇಡ, ತಲೆಗೆ ನಾಲ್ಕು ಹನಿ ಪ್ರೋಕ್ಷಣೆ ಮಾಡಿ, ಸ್ನಾನ ರೂಮಿನಲ್ಲಿ ಉಗುರುಬೆಚ್ಚಗಿನ ನೀರಿನಲ್ಲಿ ಆಗಲಿ. ಬೋಳಿಸಿದ ತಲೆ ಕರಾವಳಿಯ ಬಿಸಿಲಿಗೆ ಒಂದೇ ಗಂಟೆಯಲ್ಲಿ ಕೆಂಪಗಾಗುತ್ತದೆ, ಹತ್ತಿಯ ಟೋಪಿ ಮೊದಲೇ ತೆಗೆದಿಟ್ಟುಕೊಳ್ಳಿ. ಅನ್ನಪೂರ್ಣ ಛತ್ರದಲ್ಲಿ ಊಟದ ಹೊತ್ತಿಗೆ ಕಾಯಬೇಕಾಗಬಹುದು, ಅವಳಿಗೆ ಮುಂಚೆಯೇ ಸ್ವಲ್ಪ ತಿನ್ನಿಸಿ ಕರ್ಕೊಂಡು ಹೋಗಿ.

ವಾಪಸ್ ಹತ್ತುವಾಗ ಚಾರ್ಮಾಡಿ ತಿರುವುಗಳಲ್ಲಿ ಚಿಕ್ಕ ಮಕ್ಕಳು ವಾಂತಿ ಮಾಡುವುದು ಮಾಮೂಲು. ಹೊರಡುವ ಮುಂಚೆ ಹೊಟ್ಟೆ ತುಂಬಾ ಹಾಲು ಕುಡಿಸಬೇಡಿ, ಕಿಟಕಿ ಸ್ವಲ್ಪ ತೆರೆದಿಡಿ, ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ. ಒಂದು ಜೊತೆ ಬಟ್ಟೆ ಕೈಗೆ ಸಿಗುವಂತೆ ಇರಲಿ, ಡಿಕ್ಕಿಯಲ್ಲಿ ಸ್ಟ್ರೋಲರ್ ಕೆಳಗೆ ಸಿಕ್ಕಿಹಾಕಿಕೊಂಡಿದ್ದರೆ ಪ್ರಯೋಜನ ಇಲ್ಲ.